ಮೆದುಳಿನ ಕೋಶಗಳ ಮಾತುಕತೆಗೂ ಪಾರ್ಕಿನ್ಸನ್, ಆಲ್ಝೈಮರ್ ಕಾಯಿಲೆಗಳಿಗೂ ಏನು ಸಂಬಂಧ?

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುತ್ತಿದ್ದ ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್ ಇತ್ತು. ಜಗಲಿ ಮೇಲೆ ಸುಮ್ಮನೆ ಕೂತಿದ್ದರೂ ಬಲಗೈಯ ಹೆಬ್ಬೆರಳು, ತೋರುಬೆರಳು ಗೂಡಿನ ಎಳೆ ಹುಡುಕುವ ಹಾಗೆ ಉಜ್ಜಾಡುತ್ತಿದ್ದವು. ಲೋಟ ಹಿಡಿದರೆ ನಡುಕ ಕಡಿಮೆ! ಕಸುಬಿನ ಅಭ್ಯಾಸ ಅಂತಲೇ ನಾವು ತುಂಬಾ ದಿನ ಅಂದುಕೊಂಡಿದ್ದೆವು.

ನಡುಕ ಕೈಯಲ್ಲಿ, ತೊಂದರೆ ಮೆದುಳಿನ ಮಾತುಕತೆಯಲ್ಲಿ. ಎರಡು ನರಕೋಶಗಳ ನಡುವೆ ಸಿನಾಪ್ಸ್ ಎಂಬ ಸಂದು ಇರುತ್ತದೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದು. ಒಂದು ಕೋಶ ರಾಸಾಯನಿಕ ಉಗುಳುತ್ತದೆ, ಇನ್ನೊಂದು ಹಿಡಿಯುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ, ಕೈಕಾಲಿನ ಚಲನೆ ಹದವಾಗಿಡುವ ರಾಸಾಯನಿಕ ಉಗುಳುವ ಕೋಶಗಳು ಸಾಯುತ್ತವೆ. ಆಲ್ಝೈಮರ್‌ನಲ್ಲಿ ಕೋಶ ಸಾಯುವ ಮೊದಲೇ ಸಿನಾಪ್ಸ್‌ಗಳು ಉದುರುತ್ತವೆ. ಮರೆವು ಎಷ್ಟಿದೆ ಅನ್ನುವುದಕ್ಕೆ ಮೆದುಳಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ಗಡ್ಡೆಗಳ ಲೆಕ್ಕಕ್ಕಿಂತ ಈ ನಷ್ಟವೇ ಹೆಚ್ಚು ತಾಳೆಯಾಗುತ್ತದೆ.

ನನಗೆ ಇನ್ನೂ ವಿಚಿತ್ರ ಅನ್ನಿಸುವುದು ಬೇರೆ: ಕಾಯಿಲೆಯೂ ಇದೇ ಸಂಪರ್ಕದ ದಾರಿ ಹಿಡಿದು ಹರಡುತ್ತದೆ ಅನ್ನುತ್ತಾರೆ ಅನೇಕ ಸಂಶೋಧಕರು. ಮಡಿಕೆ ತಪ್ಪಿ ಆಕಾರ ಕೆಟ್ಟ ಪ್ರೋಟೀನ್ ಪಕ್ಕದ ಕೋಶಕ್ಕೆ ದಾಟಿ, ಅಲ್ಲಿನ ಒಳ್ಳೆ ಪ್ರೋಟೀನನ್ನೂ ಕೆಡಿಸುತ್ತದೆ. ಸಾಕುವ ತಟ್ಟೆಯಲ್ಲಿ ಒಂದು ರೇಷ್ಮೆ ಹುಳಕ್ಕೆ ಹಾಲುತೊಂಡೆ ರೋಗ ಬಂದರೆ ಪಕ್ಕದ್ದಕ್ಕೂ ಅಂಟುತ್ತದಲ್ಲ, ಹಾಗೆ. ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ 10 ವರ್ಷಕ್ಕೂ ಹಿಂದೆ ಕಸಿ ಮಾಡಿದ್ದ ಎಳೆಯ ಕೋಶಗಳಲ್ಲೂ ಆಲ್ಫಾ-ಸಿನ್ಯೂಕ್ಲಿನ್ (ಪಾರ್ಕಿನ್ಸನ್ನಿನಲ್ಲಿ ಹೀಗೆ ಕೆಡುವ ಪ್ರೋಟೀನ್) ಮುದ್ದೆಗಳು ಸಿಕ್ಕಿದ್ದು 2008ರಲ್ಲಿ ವರದಿಯಾಯಿತು. (ಹೆದರಬೇಡಿ, ಮನುಷ್ಯರಿಂದ ಮನುಷ್ಯರಿಗೆ ಪಾರ್ಕಿನ್ಸನ್ ಅಂಟುವುದಿಲ್ಲ.)

ಲೆವೊಡೋಪ ಮಾತ್ರೆ ಡೋಪಮೈನ್ ಕೊರತೆ ತುಂಬುತ್ತದೆ, ಕೋಶಗಳ ಸಾವನ್ನು ತಡೆಯುವುದಿಲ್ಲ. ಆದರೂ ಅದನ್ನು ನುಂಗಿದ ಮುಕ್ಕಾಲು ಗಂಟೆಗೆ ದೊಡ್ಡಪ್ಪ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರು.