ಪದ ಗೊತ್ತಿಲ್ಲದಿದ್ದರೆ ಅಕ್ಕಪಕ್ಕ ನೋಡಿ

ಹಾವೇರಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ಇಂಗ್ಲಿಷ್ ಪದಗಳ ಪಟ್ಟಿ ಎಷ್ಟು ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಬೇರೆಯದೇ ಬರುತ್ತದೆ ಅಂತ ಬರೆದಿದ್ದೀರಿ. ಪಟ್ಟಿಯನ್ನು ಸ್ವಲ್ಪ ಬದಿಗಿಡಿ. ಸುಳಿವು ಬಹಳ ಸಲ ಅದೇ ವಾಕ್ಯದಲ್ಲಿ ಇರುತ್ತದೆ.

ಇದನ್ನು ನೋಡ್ರಿ: ‘ಅಲ್ದೋ ರಿಚ್, ದಿ ಮರ್ಚಂಟ್ ವಾಸ್ ಫ್ರೂಗಲ್ ಅಂಡ್ ವೋರ್ ದಿ ಸೇಮ್ ಟೂ ಶರ್ಟ್ಸ್ ಫಾರ್ ಇಯರ್ಸ್.’ ಫ್ರೂಗಲ್ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಅಲ್ದೋ ಇದೆ, ಅಂದರೆ ಶ್ರೀಮಂತನಿಗೆ ಒಗ್ಗದ ಮಾತು ಮುಂದೆ ಬರಬೇಕು. ಎರಡೇ ಅಂಗಿಯಲ್ಲಿ ವರ್ಷಗಟ್ಟಲೆ ಕಳೆದಿದ್ದಾನೆ. ದುಂದು ಮಾಡದವನು, ಅಲ್ವಾ? ಆಯ್ಕೆಗಳ ಕಡೆ ಕಣ್ಣು ಹಾಯಿಸುವ ಮೊದಲೇ ಹೀಗೆ ನಿಮ್ಮದೇ ಕನ್ನಡ ಪದವನ್ನು ಆ ಜಾಗದಲ್ಲಿ ಕೂರಿಸಿ. ದಯವಿಟ್ಟು ಇದನ್ನು ಬಿಡಬೇಡಿ. ಮೊದಲು ಆಯ್ಕೆ ಓದಿದರೆ ಎಲ್ಲವೂ ಸರಿ ಅನ್ನಿಸುತ್ತವೆ. ಬಟ್, ಹೌಎವರ್, ಬಿಕಾಸ್ ಕಂಡಲ್ಲೂ ಒಂದು ಕ್ಷಣ ನಿಲ್ಲಿ, ವಾಕ್ಯ ಎತ್ತ ತಿರುಗುತ್ತದೆ ಅಂತ ಅವೇ ಹೇಳುತ್ತವೆ.

ಗೊತ್ತಿರುವ ಪದಗಳು ಇನ್ನೂ ಜಾಸ್ತಿ ಮೋಸ ಮಾಡುತ್ತವೆ. ‘ಸೌಂಡ್ ಅಡ್ವೈಸ್’ ಅಂದಾಗ ಸದ್ದಿನ ಮಾತಿಲ್ಲ, ನಂಬಬಹುದಾದ ಸಲಹೆ ಅಂತ ಅರ್ಥ.

ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ ಐಬಿಪಿಎಸ್‌ನ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆಯಲ್ಲಿ, ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ, ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಸುಳಿವೇ ಸಿಗದಿದ್ದರೆ ಸುಮ್ನೆ ಮುಂದೆ ಹೋಗಿ. ಐದು ಆಯ್ಕೆಗಳಲ್ಲಿ ಎರಡೋ ಮೂರೋ ಖಂಡಿತ ಅಲ್ಲ ಅಂತ ಗೊತ್ತಾದರೆ ಮಾತ್ರ ಉಳಿದದ್ದರಲ್ಲಿ ಒಂದನ್ನು ಗುರುತು ಮಾಡಿ, ಅಡ್ಡಿ ಇಲ್ಲ.