ಲೆಸ್ಟರ್‌ಗೆ ಹೊರಟ ಗದಗಿನ ಶಾಲೆಯ ಅಕ್ಕೋರಿಗೆ

ತಂಗೀ,

ನಿನ್ನ ಪತ್ರ ನಮ್ಮ ಅತ್ತಿಗೆ ಕೈಯಿಂದ ತಲುಪಿತು. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಗದಗ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ನಲಿಕಲಿ ತರಗತಿ, ಅಂದರೆ ಒಂದರಿಂದ ಮೂರನೇತ್ತೆ ಮಕ್ಕಳು ಒಟ್ಟಿಗೆ ಕೂತು ಆಡುತ್ತಾ ಕಲಿಯುವ ತರಗತಿ ನೋಡಿಕೊಳ್ಳುತ್ತಿದ್ದೀಯ. ಯಜಮಾನರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ, ನವೆಂಬರಿನಲ್ಲಿ ಹೊರಡಬೇಕು. ನೀನು ಕೇಳಿದ್ದು ಮೂರು ಮಾತು. ನನ್ನ ಡಿ.ಎಡ್‌ಗೆ ಅಲ್ಲಿ ಬೆಲೆ ಇದೆಯಾ? ಅಲ್ಲಿನ ಟೀಚರ್ ದಿನ ಹೇಗಿರುತ್ತದೆ, ಇಷ್ಟೇ ಓಡಾಟವಾ? ಇಲ್ಲಿನ ನೌಕರಿಗೆ ರಾಜೀನಾಮೆ ಕೊಡಲೋ ಬೇಡವೋ?

ಇಂಗ್ಲೆಂಡಿನ ಶಾಲೆಯಲ್ಲಿ ಟೀಚರ್ ಆಗಿರುವ ನಾನು, ರಜೆಗೆ ಅಂತ ಬಂದು ಈಗ ಧಾರವಾಡದಲ್ಲೇ ಇದ್ದೇನೆ, ಮಾಳಮಡ್ಡಿಯ ತವರುಮನೆಯಲ್ಲಿ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಅವ್ವ ಪಂಚಮಿ ಉಂಡಿಗೆ ಅಂತ ಶೇಂಗಾ ಹುರಿಯುತ್ತಿದ್ದಾಳೆ. ಶೇಂಗಾದ್ದೂ ಒಂದು ಕಥೆ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ರಾಜೀನಾಮೆ ವಿಷಯ. ಈಗಲೇ ಬರೆದುಕೊಡಬೇಡ. ನಾನು 2011ರಲ್ಲಿ ಒಂದೇ ಏಟಿಗೆ ಬರೆದುಕೊಟ್ಟೆ. ಏಳು ವರ್ಷದ ಸರ್ವಿಸು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಸರ್ಕಾರಿ ನೌಕರಿ ಬಿಟ್ಟು ಯಾರರ ಹೋಗ್ತಾರೇನವಾ" ಅಂದರು, ಅಷ್ಟೇ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ, ಸಂಬಳ ಇಲ್ಲದ ರಜೆ ಎಷ್ಟು ಸಿಗುತ್ತದೆ, ಪರದೇಶಕ್ಕೆ ಹೋಗಲು ಯಾವ ಅನುಮತಿ ಬೇಕು, ಬಾಯಿಮಾತಲ್ಲಿ ಅಲ್ಲ, ಕಾಗದದ ಮೇಲೆ ಕೇಳು. ಒಂದು ಚಳಿಗಾಲ ಕಳೆದ ಮೇಲೆ ನಿರ್ಧಾರ ಮಾಡಿದರಾಯಿತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಆ ಕತ್ತಲು ಎಲ್ಲರಿಗೂ ಒಗ್ಗುವುದಿಲ್ಲ.

ಇನ್ನು ಡಿ.ಎಡ್. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಪೂರ್ತಿ ಟೀಚರ್ ಆಗಿ ನಿಲ್ಲಲು ಕ್ಯೂಟಿಎಸ್ ಅನ್ನುವ ಅರ್ಹತೆ ಕೇಳುತ್ತಾರೆ. 2023ರಿಂದ ಭಾರತದಲ್ಲಿ ತರಬೇತಿ ಪಡೆದವರೂ ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು ಅಂತ ನೀನು ಎಲ್ಲೋ ಓದಿ ಖುಷಿಪಟ್ಟಿದ್ದೀಯ. ಅರ್ಧ ನಿಜ. ಆ ದಾರಿ 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ತರಬೇತಿ ಇದ್ದವರಿಗೆ. ನಮ್ಮಂಥ ಒಂದನೇತ್ತೆ ಎರಡನೇತ್ತೆ ಅಕ್ಕೋರಿಗೆ ಅಲ್ಲ. ನಮಗೆ ಡಿಗ್ರಿ ಇರಬೇಕು, ಅದರ ಮೇಲೆ ಅಲ್ಲಿ ಒಂದು ವರ್ಷದ ತರಬೇತಿ ಆಗಬೇಕು. ಅದಕ್ಕೆ ಸೇರುವಾಗ ಹತ್ತನೇ ಮಟ್ಟದಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಮೂರೂ ಪಾಸಾಗಿದ್ದನ್ನು ತೋರಿಸಬೇಕು. ಹಾಗಾಗಿ ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಟ್ರಂಕಿನ ತಳದಿಂದ ತೆಗೆ. ನೀನು ಹೊರಗಿನಿಂದ ಕಟ್ಟಿ ಪಾಸು ಮಾಡಿದ ಬಿ.ಎ. ಇದೆಯಲ್ಲ, ಅದೇ ಈಗ ಡಿ.ಎಡ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ನಗು ಬರುತ್ತದೆ, ಆದರೆ ಹಾಗೇ ಇದೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಇಲ್ಲಿಂದಲೇ ಮಾಡಿಸಿಕೊ. ಮಕ್ಕಳ ಹತ್ತಿರ ಕೆಲಸ ಮಾಡುವ ಯಾರನ್ನೂ ಹಿನ್ನೆಲೆ ನೋಡದೆ ಅಲ್ಲಿ ಒಳಗೆ ಬಿಡುವುದಿಲ್ಲ.

ನನ್ನ ಮಾತು ಕೇಳುವುದಾದರೆ ಇದೊಂದು ಕೇಳು. ಪೇಪರ್ ಎಲ್ಲ ಸರಿಯಾಗಲಿ, ಆಮೇಲೆ ಶಾಲೆಗೆ ಹೋಗೋಣ ಅಂತ ಮನೆಯಲ್ಲಿ ಕೂರಬೇಡ. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಹಿಡಿದುಕೊ. ಹೆಂಡತಿ ಅಂತ ವೀಸಾ ಸಿಕ್ಕ ನೀನು ಕೆಲಸ ಮಾಡಬಹುದು. ಅಸಿಸ್ಟೆಂಟ್ ಅಂದರೆ ಏನು ಅಂತ ನಾನೂ ಮೂಗು ಮುರಿದಿದ್ದೆ. ಊರಲ್ಲಿ "ಅಕ್ಕೋರ ಬಂದ್ರು, ಅಕ್ಕೋರ ಬಂದ್ರು" ಅಂತ ಗೇಟಿನ ತನಕ ಓಡಿಬರುತ್ತಿದ್ದ ಮಕ್ಕಳು. ಅಲ್ಲಿ ನಾನು ಪೇಂಟ್ ಬ್ರಷ್ ತೊಳೆಯುವವಳು, ಪೆನ್ಸಿಲ್ ಚೂಪು ಮಾಡುವವಳು, ಬಿದ್ದ ಮಗುವಿನ ಮೊಣಕಾಲಿಗೆ ಒದ್ದೆ ಟಿಶ್ಯೂ ಒತ್ತುವವಳು. ಮೊದಲ ವಾರ ಬಸ್ಸಿನಲ್ಲಿ ಅಳುತ್ತಾ ಮನೆಗೆ ಹೋಗಿದ್ದೇನೆ.

ಆದರೆ ಒಂದು ತಿಂಗಳಾದ ಮೇಲೆ ಗೊತ್ತಾಯಿತು, ಇದು ನನಗೆ ಬರುವ ಕೆಲಸವೇ. ಮಕ್ಕಳು ನೆಲದ ಮೇಲೆ ಕಾರ್ಪೆಟ್ಟಿನಲ್ಲಿ ಕೂರುತ್ತಾರೆ, ಆಮೇಲೆ ಗುಂಪು ಗುಂಪಾಗಿ ಟೇಬಲ್ಲಿಗೆ ಹೋಗುತ್ತಾರೆ. ನಿಧಾನ ಇರುವ ಗುಂಪಿನ ಜೊತೆ ನಾನು. ನಮ್ಮ ನಲಿಕಲಿಯ ಟೀಚರ್ ನೆರವಿನ ತಟ್ಟೆ, ಅಂದರೆ ಟೀಚರ್ ಜೊತೆ ಕೂತು ಕಲಿಯುವ ಗುಂಪು ಇದೆಯಲ್ಲ, ಥೇಟ್ ಅದೇ. ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಐದು ತಟ್ಟೆ ಸಂಭಾಳಿಸಿದ ನಿನಗೆ, ಒಂದೇ ವಯಸ್ಸಿನ ಆರು ಮಕ್ಕಳು ಏನು ದೊಡ್ಡದು?

ಇಂಗ್ಲಿಷ್ ಸಾಲುತ್ತದಾ ಅಂತ ಹೆದರಿದ್ದೀಯ. ನನ್ನನ್ನು ಹಾಕಿದ್ದು ಇಯರ್ ಒನ್‌ಗೆ, ಅಂದರೆ ಐದಾರು ವರ್ಷದ ಮಕ್ಕಳು. ಅಲ್ಲಿ ಅಕ್ಷರದ ಹೆಸರಿಗಿಂತ ಮುಂಚೆ ಅದರ ಸದ್ದು ಕಲಿಸುತ್ತಾರೆ, ಫೋನಿಕ್ಸ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಬರೆದ ಹಾಗೆ ಓದುವುದು, ಓದಿದ ಹಾಗೆ ಬರೆಯುವುದು. ಇಂಗ್ಲಿಷಿನಲ್ಲಿ ಒಂದೇ ಸದ್ದಿಗೆ ನಾಲ್ಕು ಬರವಣಿಗೆ, ಒಂದೇ ಬರವಣಿಗೆಗೆ ಮೂರು ಸದ್ದು. ಮಕ್ಕಳ ಹಿಂದೆ ಕೂತು ನಾನೂ ಕಲಿತೆ. ಯಾರಿಗೂ ಹೇಳಬೇಡ, ಆ ವರ್ಷ ನನ್ನ ಇಂಗ್ಲಿಷ್ ಉಚ್ಚಾರ ಸುಧಾರಿಸಿದಷ್ಟು ಡಿಗ್ರಿಯ ಮೂರು ವರ್ಷದಲ್ಲಿ ಸುಧಾರಿಸಿರಲಿಲ್ಲ. 2012ರಿಂದ ಇಯರ್ ಒನ್ ಮಕ್ಕಳಿಗೆ ಜೂನಿನಲ್ಲಿ ಒಂದು ಪರೀಕ್ಷೆ ಇದೆ. 40 ಪದ ಜೋರಾಗಿ ಓದಬೇಕು. ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ, ಸುಮ್ನೆ ಹುಟ್ಟಿಸಿದವು! ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಹಾಕಿರುತ್ತಾರೆ, ಅದರ ಹೆಸರು ಅಂದುಕೊಂಡು ಓದಬೇಕು. ಮಗು ಬಾಯಿಪಾಠ ಮಾಡಿ ಓದುತ್ತಿದೆಯೋ, ಸದ್ದು ಕೂಡಿಸಿ ಓದುತ್ತಿದೆಯೋ ಅಂತ ನೋಡುವ ಉಪಾಯ. ಮೊದಲು ನೋಡಿದಾಗ ತಲೆಕೆಟ್ಟವರು ಅಂದುಕೊಂಡೆ. ಈಗ ಒಪ್ಪುತ್ತೇನೆ.

ದಿನ ಹೇಗಿರುತ್ತದೆ ಅಂದೆ. ಓಡಾಟ ಕಡಿಮೆ ಆಗುವುದಿಲ್ಲ, ಓಡುವ ದಾರಿ ಬದಲಾಗುತ್ತದೆ. ಇಲ್ಲಿ ನಿನ್ನ ಹೊತ್ತು ತಿನ್ನುವುದು ಪಾಠ ಅಲ್ಲ, ಪಾಠದ ಹೊರಗಿನದು. ಮೊಟ್ಟೆ ತರಿಸುವುದು, ಎಣಿಸುವುದು, ಹಾಲಿನ ಪುಡಿಯ ಲೆಕ್ಕ, ಅದನ್ನೆಲ್ಲ ಎಸ್‌ಎಟಿಎಸ್ ಅನ್ನುವ ಸರ್ಕಾರಿ ವೆಬ್‌ಸೈಟಿಗೆ ಏರಿಸುವುದು, ಚುನಾವಣೆ ಡ್ಯೂಟಿ. 2025ರ ದಸರಾ ರಜೆಯಲ್ಲಿ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದನ್ನು ಒಂದು ಪುಟ ಬರೆದಿದ್ದೀಯ, ಓದಿ ಹೊಟ್ಟೆ ಉರಿಯಿತು. ಅಲ್ಲಿ ಇದ್ಯಾವುದೂ ಟೀಚರ್ ತಲೆಗಿಲ್ಲ. ಚುನಾವಣೆ ಬಂದರೆ, ಮತಗಟ್ಟೆ ಮಾಡಿದ ಶಾಲೆಯಲ್ಲಿ ಎಷ್ಟೋ ಸಲ ನಮಗೇ ರಜೆ. ಎರಡನೇ ಇಯತ್ತೆ ತನಕ ಮಕ್ಕಳಿಗೆ ಬಿಸಿಯೂಟ ಅಲ್ಲೂ ಪುಕ್ಕಟೆ, 2014ರಿಂದ. ಆದರೆ ಟೀಚರ್ ಸೌಟು ಮುಟ್ಟುವುದಿಲ್ಲ.

ಅದರ ಬದಲು ಒಳಗಿನ ಪ್ರತಿ ನಿಮಿಷಕ್ಕೂ ಲೆಕ್ಕ. ನಾನು ಏಳೂವರೆಗೆ ಶಾಲೆ ಮುಟ್ಟುತ್ತೇನೆ. ಮಕ್ಕಳು ಬರುವುದು 8:45ಕ್ಕೆ. ಹಾಜರಿ ಬೆಳಿಗ್ಗೆ ಒಮ್ಮೆ, ಊಟ ಆದ ಮೇಲೆ ಇನ್ನೊಮ್ಮೆ. ನಡುವೆ ಒಂದಕ್ಕೆ ಹೋಗಬೇಕಾದರೂ ತರಗತಿ ನೋಡಲು ಇನ್ನೊಬ್ಬರು ಬರಬೇಕು. ಮಳೆ ಬಂದರೆ ಆಟವೂ ಒಳಗೇ. ಮೂವತ್ತು ಮಕ್ಕಳು, ಮುಚ್ಚಿದ ಕಿಟಕಿ, ಒದ್ದೆ ಸಾಕ್ಸಿನ ವಾಸನೆ. ಧಾರವಾಡದ ಮಳೆ ಕಂಡವಳಿಗೆ ಮಳೆ ಹೊಸದಲ್ಲ, ಆದರೆ ಅವತ್ತಿನ ಮಧ್ಯಾಹ್ನ ತಲೆ ಗುಂಯ್ ಅನ್ನುತ್ತದೆ. ಊಟಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಚಪಾತಿ ಸುತ್ತಿಕೊಂಡು ಹೋಗು, ಪಲ್ಯ ಚೆಲ್ಲದಂಥದ್ದು ಇರಲಿ.

ನನಗೆ ಇವತ್ತಿಗೂ ವಿಚಿತ್ರ ಅನ್ನಿಸುವುದು ಶಾಲೆ ಬಿಡುವ ಹೊತ್ತು. ನಮ್ಮೂರಲ್ಲಿ ಗಂಟೆ ಬಾರಿಸಿದರೆ ಹಕ್ಕಿ ಹಿಂಡು ಎದ್ದ ಹಾಗೆ ಮಕ್ಕಳು ಒಂದೇ ಸಲ ಹೊರಗೆ. ಅಲ್ಲಿ 3:15ಕ್ಕೆ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಹಿಂದೆ ಸಾಲಾಗಿ ಮಕ್ಕಳು, ಎದುರಿಗೆ ಅಂಗಳದಲ್ಲಿ ತಂದೆತಾಯಿ. ಮಗು ತನ್ನವರನ್ನು ಬೆರಳು ಮಾಡಿ ತೋರಿಸಬೇಕು, ನಾನು ಮುಖ ನೋಡಿ ಗುರುತು ಹಿಡಿಯಬೇಕು, ಆಮೇಲೆ ಒಂದೊಂದಾಗಿ ಬಿಡಬೇಕು. ಅಜ್ಜಿಯೇ ಬಂದು ನಿಂತರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೊಡುವ ಹಾಗಿಲ್ಲ. ಒಬ್ಬ ಗುಜರಾತಿ ಅಜ್ಜಿ ನನ್ನನ್ನು ಬೈದದ್ದು ನೋಡಬೇಕಿತ್ತು. ಭಾಷೆ ಬರದಿದ್ದರೂ ಬೈಗುಳ ಎಲ್ಲ ತಿಳಿಯಿತು. ಲೆಸ್ಟರ್‌ನಲ್ಲಿ ಗುಜರಾತಿಗಳು ತುಂಬಾ. ಬೆಲ್‌ಗ್ರೇವ್ ರೋಡಿನಲ್ಲಿ ಕರಿಬೇವಿನಿಂದ ಹಿಡಿದು ಎಲ್ಲ ಸಿಗುತ್ತದೆ. ನಿನ್ನನ್ನೂ ಗುಜರಾತಿ ಅಂತಲೇ ತಿಳಿಯುತ್ತಾರೆ, ಬೇಜಾರು ಮಾಡಿಕೊಳ್ಳಬೇಡ.

ಮಕ್ಕಳು ಹೋದ ಮೇಲೆ ಮೀಟಿಂಗ್, ಆಮೇಲೆ ಮೂವತ್ತು ಮಕ್ಕಳ ಎರಡು ಮೂರು ನೋಟ್‌ಬುಕ್ಕು. ಪೂರ್ತಿ ಟೀಚರ್ ಆದರೆ ಪಾಠದ ಹೊತ್ತಿನಲ್ಲಿ ಹತ್ತನೇ ಒಂದು ಭಾಗ ತಯಾರಿಗೆ ಅಂತ ಬಿಟ್ಟುಕೊಡುತ್ತಾರೆ, ಹೆಚ್ಚು ಕಡಿಮೆ ವಾರಕ್ಕೆ ಅರ್ಧ ದಿನ. ಅದು ಕಾಯ್ದೆ ಪ್ರಕಾರ ಸಿಗುವ ಹಕ್ಕು, ಯಾರ ಉಪಕಾರವೂ ಅಲ್ಲ. ಸಾಲುವುದಿಲ್ಲ ಅನ್ನುವುದು ಬೇರೆ ಮಾತು. ಭಾನುವಾರ ಸಂಜೆ ನನ್ನ ಅಡಿಗೆಮನೆ ಕಟ್ಟೆಯ ಮೇಲೆ ಒಂದು ಕಡೆ ಇಡ್ಲಿ ಹಿಟ್ಟು, ಒಂದು ಕಡೆ ನೋಟ್‌ಬುಕ್ಕಿನ ಗುಡ್ಡೆ.

ಈಗ ಶೇಂಗಾ ಕಥೆ. ಕೆಲಸಕ್ಕೆ ಸೇರಿ ಏಳೆಂಟು ವಾರ ಆಗಿತ್ತು, ದೀಪಾವಳಿ ಬಂತು. ಎಲ್ಲರಿಗೂ ನಮ್ಮ ಕಡೆ ರುಚಿ ತೋರಿಸೋಣ ಅಂತ ರಾತ್ರಿ ಹನ್ನೊಂದರ ತನಕ ನಿಂತು ಮೂವತ್ತು ಶೇಂಗಾ ಹೋಳಿಗೆ ಮಾಡಿದೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಮುಚ್ಚಳ ತೆಗೆದೆ. ಒಬ್ಬರು ಬಗ್ಗಿ ನೋಡಿ, ಇದರಲ್ಲಿ ಏನಿದೆ ಅಂದರು. ಪೀನಟ್ ಅಂದೆ. ಕೋಣೆ ಗಪ್ ಆಯಿತು. ಹೆಡ್ ಟೀಚರ್ ತಾವೇ ಬಂದು ಡಬ್ಬಿ ಮುಚ್ಚಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಮ್ಮ ಕಾರಿನಲ್ಲಿ ಇಟ್ಟುಬಂದರು. ನಾನು ಮೊಣಕೈ ತನಕ ಸೋಪು ಹಚ್ಚಿ ತೊಳೆದೆ. ನನ್ನ ಗುಂಪಿನ ಒಬ್ಬ ಹುಡುಗನಿಗೆ ಶೇಂಗಾ ಆಗುತ್ತಿರಲಿಲ್ಲ, ಉಸಿರು ಕಟ್ಟುವಂಥ ಅಲರ್ಜಿ. ಅವನ ಫೋಟೋ, ಅವನ ಇಂಜೆಕ್ಷನ್ ಎಲ್ಲಿದೆ ಅನ್ನುವ ಚೀಟಿ ಸ್ಟಾಫ್ ರೂಮಿನ ಗೋಡೆಗೇ ಅಂಟಿಸಿತ್ತು. ನಾನು ದಿನಾ ಅದರ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ, ಓದಿರಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವತ್ತಿನಿಂದ ಯಾವ ಶಾಲೆಗೆ ಹೋದರೂ ಮೊದಲು ಗೋಡೆ ಓದುತ್ತೇನೆ.

ದುಡ್ಡಿನ ಲೆಕ್ಕವೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರಿನಿಂದ ಲಂಡನ್ ಹೊರಗೆ ಹೊಸ ಟೀಚರ್ ಸಂಬಳ ವರ್ಷಕ್ಕೆ 32,916 ಪೌಂಡಿನಿಂದ ಶುರು, ತೆರಿಗೆ ಮುಂಚೆ. ರೂಪಾಯಿಗೆ ಗುಣಿಸಿ ಮಾವನವರ ಮುಂದೆ ಹೇಳಬೇಡ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ ಅನ್ನುವ ಮನೆ ತೆರಿಗೆ, ಚಳಿಗಾಲದ ಗ್ಯಾಸ್ ಬಿಲ್ಲು ಕಳೆದು ಆಮೇಲೆ ಗುಣಿಸು. ಅಸಿಸ್ಟೆಂಟಿಗೆ ಇದಕ್ಕಿಂತ ಬಹಳ ಕಡಿಮೆ. ಹೆಚ್ಚಿನ ಕಡೆ ಶಾಲೆ ನಡೆಯುವ ವಾರಗಳಿಗೆ ಮಾತ್ರ ಲೆಕ್ಕ ಹಿಡಿದು ಹನ್ನೆರಡು ತಿಂಗಳಿಗೆ ಹಂಚುತ್ತಾರೆ.

ರಜೆ ಅಲ್ಲಿನ ಬೇಸಿಗೆಯಲ್ಲಿ, ಅಂದರೆ ನಮ್ಮ ಶ್ರಾವಣದ ಸುಮಾರಿಗೆ, ಆರು ವಾರ, ನಡುನಡುವೆ ಚಿಕ್ಕವು. ಆದರೆ ಶಾಲೆ ನಡೆಯುವಾಗ ಒಂದು ದಿನವೂ ನಿನ್ನ ಇಷ್ಟಕ್ಕೆ ಸಿಗುವುದಿಲ್ಲ. ತಮ್ಮನ ಮದುವೆಗೆ ಮೂರು ದಿನ ಕೊಟ್ಟರು, ಸಂಬಳ ಮುರಿದರು. ಅಕ್ಷತೆ ಹಾಕಿ ಮರುದಿನವೇ ವಿಮಾನ ಹತ್ತಿದೆ. ಹದಿನೈದು ವರ್ಷದಲ್ಲಿ ಒಂದು ದೀಪಾವಳಿಯೂ ಊರಲ್ಲಿ ಆಗಿಲ್ಲ. ಪಂಚಮಿ ಮಾತ್ರ ರಜೆಯೊಳಗೆ ಬರುತ್ತದೆ, ಅದೂ ಟಿಕೆಟ್ ದರ ಆಕಾಶಕ್ಕೆ ಏರಿದ ಹೊತ್ತಿಗೆ.

ಈಗ ನಾನು ಇಯರ್ ಫೋರ್ ಟೀಚರ್, ಅಂದರೆ ಎಂಟೊಂಬತ್ತು ವರ್ಷದ ಮಕ್ಕಳು. 2022ರಿಂದ ಈ ಮಕ್ಕಳಿಗೆ ಜೂನಿನಲ್ಲಿ ಮಗ್ಗಿ ಪರೀಕ್ಷೆ ಕಡ್ಡಾಯವಾಗಿದೆ. ಹನ್ನೆರಡರ ಮಗ್ಗಿ ತನಕ, ಕಂಪ್ಯೂಟರಿನಲ್ಲಿ 25 ಪ್ರಶ್ನೆ, ಒಂದೊಂದಕ್ಕೆ ಆರು ಸೆಕೆಂಡ್. ಒಮ್ಮೆ ಬೋರ್ಡಿನ ಮುಂದೆ ಲೆಕ್ಕ ಮಾಡುವಾಗ ನನಗೇ ಗೊತ್ತಿಲ್ಲದೆ ಬಾಯಿಂದ "ಏಳೆಂಟ್ಲೆ ಐವತ್ತಾರು" ಅಂತ ಬಂತು. ಮಿಸ್, ಅದೇನು ಅಂದರು. ಏಳರ ಮಗ್ಗಿ ಪೂರ್ತಿ ರಾಗವಾಗಿ ಹೇಳಿದೆ, ನಮ್ಮ ಸಾಲಿಯಲ್ಲಿ ಕೈಕಟ್ಟಿ ಹೇಳುತ್ತಿದ್ದೆವಲ್ಲ, ಹಾಗೆ. ಈಗ ಅವರಿಗೆ ಅದೊಂದು ಆಟ. ಸಾಲಿನಲ್ಲಿ ನಿಂತಾಗೆಲ್ಲ "ಏಲೆಂಟ್ಲೆ ಐವಟಾರು" ಅಂತ ಕೂಗುತ್ತಾರೆ. ಅದನ್ನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹುಡುಗ ಪರೀಕ್ಷೆಯಲ್ಲಿ ಏಳೆಂಟು ಐವತ್ನಾಲ್ಕು ಅಂತ ಒತ್ತಿಬಂದ.

ಈ ತಿಂಗಳ ಕೊನೆಯ ವಾರದ ತನಕ ನಾನು ಇಲ್ಲೇ ಇರುತ್ತೇನೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಬಾ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್‌ಗೆ ಇಳಿದರೆ ನನ್ನ ತಮ್ಮ ಗಾಡಿ ತಂದು ಕರೆದುಕೊಂಡು ಬರುತ್ತಾನೆ. ಬರುವಾಗ ಮಾರ್ಕ್ಸ್ ಕಾರ್ಡುಗಳು, ಸರ್ವಿಸಿನ ಕಾಗದ ಎಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಬಾ, ಕೂತು ನೋಡೋಣ. ಉಂಡಿ ಅಷ್ಟರಲ್ಲಿ ಕಟ್ಟಿರುತ್ತವೆ.

ನಿನ್ನ ಅಕ್ಕ