ಮೊಬೈಲಲ್ಲಿ ಬಟನ್ ಒತ್ತಿ ಚಿತ್ರಗಳ ಸಾಲು ತಿರುಗಿಸುವ ಜೂಜು, ಡ್ರ್ಯಾಗನ್ ಸ್ಲಾಟ್‌ನಲ್ಲಿ ಫ್ರೀ ಸ್ಪಿನ್ (ದುಡ್ಡು ಕಟ್ಟದೆ ಸಿಗುವ ಸುತ್ತು) ಸಿಕ್ಕರೂ ದುಡ್ಡು ಕರಗೋದು ಯಾಕೆ?

ಯಾಕಂದ್ರೆ ಅದು ಫ್ರೀ ಅಲ್ಲ. ಅದರ ಖರ್ಚನ್ನು ಮಾಮೂಲಿ ಸ್ಪಿನ್‌ಗಳಲ್ಲೇ ನಿಮ್ಮಿಂದ ವಸೂಲಿ ಮಾಡಿರುತ್ತಾರೆ.

ಇಂಥ ಗೇಮ್‌ಗೆ ಆರ್‌ಟಿಪಿ ಅಂತ ಒಂದು ಅಂಕಿ ಇರುತ್ತೆ: ಲಕ್ಷಾಂತರ ಸ್ಪಿನ್‌ಗಳ ಸರಾಸರಿಯಲ್ಲಿ, ಕಟ್ಟಿದ ದುಡ್ಡಲ್ಲಿ ವಾಪಸ್ ಬರುವ ಪಾಲು. 96% ಅಂತಿಟ್ಟುಕೊಳ್ಳಿ. ಬೋನಸ್ಸೂ, ಅಂದ್ರೆ ಆ ಫ್ರೀ ಸ್ಪಿನ್‌ಗಳಲ್ಲಿ ಬರುವ ದುಡ್ಡೂ, ಆ 96ರ ಒಳಗೇ. ಅದರಲ್ಲಿ 30 ಬೋನಸ್‌ಗೆ ಎತ್ತಿಟ್ಟಿದ್ದರೆ, ಬೋನಸ್ ಬೀಳುವ ತನಕ ನಿಮಗೆ ನೂರಕ್ಕೆ ಬರೋದು 66 ಮಾತ್ರ. 10 ರೂಪಾಯಿಯಂತೆ 500 ಸ್ಪಿನ್ ಒತ್ತಿದರೆ ಕಟ್ಟಿದ್ದು 5,000. ಬೋನಸ್ ಸೇರಿಸಿಯೂ ಸರಾಸರಿ 200 ಹೋಯ್ತು. ಗೆದ್ದದ್ದನ್ನೇ ಮತ್ತೆ ಕಟ್ಟಿದಾಗ ಅದಕ್ಕೂ ಅದೇ ಕತ್ತರಿ.

ಮೊನ್ನೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯ್ತಾ ಕೂತಿದ್ದೆ. ಪಕ್ಕದ ಹುಡುಗನ ಮೊಬೈಲಲ್ಲಿ ಎರಡು ಚಿನ್ನದ ನಾಣ್ಯ ಬಿದ್ದವು, ಮೂರನೇ ಸಾಲು ಬೇಕಂತಲೇ ನಿಧಾನಕ್ಕೆ ತಿರುಗಿ ನಾಣ್ಯವನ್ನು ಒಂದು ಮನೆ ದಾಟಿ ನಿಂತಿತು. "ಸ್ವಲ್ಪದ್ರಲ್ಲಿ ತಪ್ಪೋಯ್ತಣ್ಣ" ಅಂದ. ತಪ್ಪಿದ್ದೇನೂ ಇಲ್ಲ. ಬಟನ್ ಒತ್ತಿದ ಕ್ಷಣವೇ ಕಂಪ್ಯೂಟರ್ ಒಂದು ಅಂಕಿ ಎತ್ತಿ ಫಲಿತಾಂಶ ತೀರ್ಮಾನಿಸಿರುತ್ತೆ, ಆಮೇಲಿನದೆಲ್ಲ ಬರೀ ಆನಿಮೇಷನ್. ಕೆಂಪು ಲಾಟೀನು, ಚೀನೀಯರ ಅದೃಷ್ಟದ 8, ಎಲ್ಲ ಅಲಂಕಾರ (ಚೆನ್ನಾಗಿರುತ್ತೆ, ಒಪ್ಪುತ್ತೀನಿ). ಹಿಂದಿನ ಸೋಲು ಮುಂದಿನ ಸ್ಪಿನ್‌ಗೆ ನೆನಪಿರಲ್ಲ.

ಅಂದಹಾಗೆ, 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿಸಿ ಆಡಿಸುವ ಇಂಥ ಗೇಮ್‌ಗಳನ್ನು ನಿಷೇಧಿಸಿದೆ. ಯಾವುದಾದರೂ ಆ್ಯಪ್ ನಿಮಗೆ ಮೋಸ ಮಾಡಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.